ಆಗದ ಖರ್ಚನ್ನು ಅಳೆಯುವುದು ಹೇಗೆ?

ಆಲಮಟ್ಟಿ ಜಲಾಶಯದಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಏರಿಕೆ ಐದು ಮೀಟರಿಗೂ ಕಡಿಮೆ. ಆದರೆ ಆ ಹಿನ್ನೀರು ಹರಡುವ ನೆಲದಲ್ಲಿ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸುಮಾರು 20 ಹಳ್ಳಿಗಳಿವೆ, ಬಾಗಲಕೋಟೆಯ ಹಳೇ ಊರಿನ ಕೆಲವು ವಾರ್ಡುಗಳಿವೆ, 75 ಸಾವಿರ ಎಕರೆಗೂ ಹೆಚ್ಚು ಜಮೀನಿದೆ. ಊರು ಬಿಟ್ಟು ಊರು ಕಟ್ಟುವ ಕೆಲಸ ಬಾಗಲಕೋಟೆಗೆ ಹೊಸದಲ್ಲ. ಮೊದಲ ಹಂತದ ಹಿನ್ನೀರು ಬಂದಾಗಲೇ ನವನಗರ ಎದ್ದು ನಿಂತಿತು, ನದಿದಂಡೆಯ ಹಳ್ಳಿಗಳು ಪುನರ್ವಸತಿ ಕೇಂದ್ರಗಳಾಗಿ ದಿಬ್ಬ ಹತ್ತಿದವು. ಈಗ ಮತ್ತೊಮ್ಮೆ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಸಮುದಾಯ ಭವನ, ರಸ್ತೆ, ಚರಂಡಿ, ನೀರಿನ ಟಾಕಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಇಷ್ಟು ದೊಡ್ಡ ಪ್ರಮಾಣದ ಕಾಮಗಾರಿ ಎಲ್ಲೇ ಬರಲಿ, ಇತ್ತೀಚೆಗೆ ಒಂದು ಸಲಹೆ ಅದರ ಬೆನ್ನಿಗೇ ಬರುತ್ತದೆ: ಕಟ್ಟಡವನ್ನು ಮೊದಲು ಕಂಪ್ಯೂಟರಿನಲ್ಲಿ ಪೂರ್ತಿ ಕಟ್ಟಿ ನೋಡಿ, ಆಮೇಲೆ ನೆಲಕ್ಕೆ ಗುದ್ದಲಿ ಹಾಕಿ, ಖರ್ಚು ಉಳಿಯುತ್ತದೆ ಎಂದು. ಉಳಿಯುತ್ತದೆ ಎಂಬ ಮಾತನ್ನು ನಾನು ನಂಬುತ್ತೇನೆ. ಎಷ್ಟು ಉಳಿಯಿತು, ಯಾರ ಜೇಬಿನಲ್ಲಿ ಉಳಿಯಿತು, ಅದನ್ನು ಯಾವ ಪುಸ್ತಕ ತೆರೆದು ತೋರಿಸಬೇಕು ಎಂಬಲ್ಲಿ ಮಾತ್ರ ಎಲ್ಲರ ದನಿ ಮೆಲ್ಲಗಾಗುತ್ತದೆ. ಆ ಲೆಕ್ಕವನ್ನು ಪ್ರಾಮಾಣಿಕವಾಗಿ ತೆಗೆಯಲು ಬೇಕಾದ ಸಂದರ್ಭ ಬಾಗಲಕೋಟೆ ಜಿಲ್ಲೆಗೆ ಒದಗಿ ಬಂದಿದೆ. ಒಂದೇ ಬಗೆಯ ಕಟ್ಟಡಗಳು ಹತ್ತಾರು ಊರುಗಳಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಏಳಬೇಕಾದ ಸನ್ನಿವೇಶ ಬೇರೆಲ್ಲಿಯೂ ಸುಲಭಕ್ಕೆ ಸಿಗದು.

ಕಂಪ್ಯೂಟರಿನಲ್ಲಿ ಕಟ್ಟುವುದು ಎಂದರೆ ನಕ್ಷೆ ಬಿಡಿಸುವುದಲ್ಲ. ಸಾಮಾನ್ಯ ನಕ್ಷೆಯಲ್ಲಿ ಗೋಡೆ ಅಂದರೆ ಎರಡು ಗೆರೆ. ಡಿಜಿಟಲ್ ಮಾದರಿಯಲ್ಲಿ, ಎಂಜಿನಿಯರುಗಳು ಬಿಐಎಂ ಎಂದು ಕರೆಯುವ ಪದ್ಧತಿಯಲ್ಲಿ, ಗೋಡೆಗೆ ತನ್ನ ದಪ್ಪ, ತನ್ನ ಇಟ್ಟಿಗೆ, ತನ್ನ ಗಿಲಾವು, ತನ್ನಲ್ಲಿರುವ ಕಿಟಕಿ ಎಲ್ಲ ಗೊತ್ತಿರುತ್ತದೆ. ಒಂದು ಕಂಬವನ್ನು ಅರ್ಧ ಅಡಿ ಸರಿಸಿದರೆ ಪ್ಲ್ಯಾನು, ಎಲಿವೇಶನ್, ಸೆಕ್ಷನ್ ಎಲ್ಲದರಲ್ಲೂ ಅದು ಸರಿಯುತ್ತದೆ, ಕಾಂಕ್ರೀಟು ಮತ್ತು ಕಬ್ಬಿಣದ ಪ್ರಮಾಣವೂ ತಾನಾಗಿ ಬದಲಾಗುತ್ತದೆ. ಈ ಆಲೋಚನೆಯ ಬೀಜವನ್ನು 1970ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಹಾಕಿದರು. ಕಂಪ್ಯೂಟರುಗಳು ಅದನ್ನು ಹೊರುವಷ್ಟು ಗಟ್ಟಿಯಾದದ್ದು 2000ದ ನಂತರ. ಇದರ ದೊಡ್ಡ ಉಪಯೋಗ ಡಿಕ್ಕಿಗಳನ್ನು ಮೊದಲೇ ಹಿಡಿಯುವುದು. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ವಿದ್ಯುತ್ತಿನವರು, ನಳದವರು ತಂತಮ್ಮ ನಕ್ಷೆಗಳನ್ನು ತಂತಮ್ಮ ಕಚೇರಿಯಲ್ಲಿ ಮಾಡುತ್ತಾರೆ. ಆ ನಕ್ಷೆಗಳು ಮೊದಲ ಬಾರಿ ಮುಖಾಮುಖಿಯಾಗುವುದು ಸೈಟಿನಲ್ಲಿ, ಬಹುಪಾಲು ಸ್ಲ್ಯಾಬು ಹಾಕಿದ ಮೇಲೆ. ಶೌಚಾಲಯದ ಪೈಪು ಇಳಿಯಬೇಕಾದ ಕಡೆ ತೊಲೆ ಬಂದಿರುತ್ತದೆ. ಆಮೇಲೆ ಡ್ರಿಲ್ ತರಿಸಿ ಕಾಂಕ್ರೀಟು ಕೊರೆಯುತ್ತಾರೆ, ಇಲ್ಲವೇ ಪೈಪನ್ನು ಹೊರಗೋಡೆ ಸುತ್ತಿಸಿ ಒಯ್ಯುತ್ತಾರೆ. ಮಾದರಿಯಲ್ಲಿ ಈ ಡಿಕ್ಕಿ ಪರದೆಯ ಮೇಲೆ ಕಾಣುತ್ತದೆ, ಅಲ್ಲಿ ಅದನ್ನು ತಿದ್ದುವ ಖರ್ಚು ಒಬ್ಬ ಎಂಜಿನಿಯರಿನ ಅರ್ಧ ಗಂಟೆ.

ಇಷ್ಟರಿಂದ ಎಷ್ಟು ಹಣ ಉಳಿಯುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಹೆಚ್ಚು ಓಡಾಡಿದ ಅಂಕಿಗಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಕೇಂದ್ರ 32 ಯೋಜನೆಗಳನ್ನು ನೋಡಿ 2007ರಲ್ಲಿ ಕೊಟ್ಟವು: ಬಜೆಟ್ಟಿನಲ್ಲಿ ಇಲ್ಲದ ಬದಲಾವಣೆಗಳು ಶೇ 40ರವರೆಗೆ ಇಳಿಕೆ, ಡಿಕ್ಕಿ ಪತ್ತೆಯಿಂದ ಗುತ್ತಿಗೆ ಮೊತ್ತದ ಶೇ 10ರವರೆಗೆ ಉಳಿತಾಯ, ಅವಧಿಯಲ್ಲಿ ಶೇ 7ರವರೆಗೆ ಕಡಿತ. ಸಾಫ್ಟ್‌ವೇರ್ ಮಾರುವವರ ಪ್ರತಿಯೊಂದು ಪುಸ್ತಿಕೆಯಲ್ಲೂ ಈ ಸಂಖ್ಯೆಗಳಿರುತ್ತವೆ, "ವರೆಗೆ" ಎಂಬುದು ಮಾತ್ರ ದಾರಿಯಲ್ಲಿ ಉದುರಿ ಹೋಗಿರುತ್ತದೆ. ಬ್ರಿಟನ್ ಸರ್ಕಾರ ತನ್ನ ಕಟ್ಟಡಗಳಿಗೆಲ್ಲ 2016ರಿಂದ ಈ ಪದ್ಧತಿಯನ್ನು ಕಡ್ಡಾಯ ಮಾಡಿತು. ಎರಡು ವರ್ಷದ ಮೇಲೆ, 2018ರಲ್ಲಿ, ಲೆಕ್ಕಪರಿಶೋಧನೆಯ ದೊಡ್ಡ ಸಂಸ್ಥೆಯಾದ ಪಿಡಬ್ಲ್ಯೂಸಿಯಿಂದ ಎರಡು ಕಾಮಗಾರಿಗಳನ್ನು ಅಳೆಯಿಸಿತು. ಒಂದು ಲಂಡನ್ನಿನ ಕಚೇರಿ ಕಟ್ಟಡದ ನವೀಕರಣ, ಇನ್ನೊಂದು ಯಾರ್ಕ್ ನಗರದ ಫಾಸ್ ನದಿಯ ಪ್ರವಾಹತಡೆ ಕಾಮಗಾರಿ. ಬಂದ ಉತ್ತರ ಶೇ 1.5ರಿಂದ ಶೇ 3. ಶೇ 10ಕ್ಕೂ ಶೇ 1.5ಕ್ಕೂ ಇರುವ ಅಂತರವನ್ನು ತಂತ್ರಜ್ಞಾನ ವಿವರಿಸುವುದಿಲ್ಲ, ಅಳೆದ ಬಗೆ ವಿವರಿಸುತ್ತದೆ. ಯಶಸ್ವಿಯಾದ ಕಡೆಯ ಅತ್ಯುತ್ತಮ ಅಂಕಿಯನ್ನು ಹೆಕ್ಕಿದರೆ ಒಂದು ಉತ್ತರ, ಆದ ಲಾಭಗಳನ್ನು ಒಂದೊಂದಾಗಿ ದಾಖಲೆ ಸಮೇತ ಕೂಡಿಸುತ್ತ ಹೋದರೆ ಇನ್ನೊಂದು ಉತ್ತರ. ನಮ್ಮ ಪುನರ್ವಸತಿ ಕಾಮಗಾರಿಗಳಿಗೆ ಎರಡನೆಯದೇ ಹತ್ತಿರ ಎಂದು ನನ್ನ ತರ್ಕ. ಚಿಕ್ಕ ಸಂಖ್ಯೆ ಎಂದು ಅದನ್ನು ತಳ್ಳಿಹಾಕುವ ಹಾಗೂ ಇಲ್ಲ, ನೂರು ಕೋಟಿಯ ಕಾಮಗಾರಿಯಲ್ಲಿ ಶೇ 1.5 ಎಂದರೆ ಒಂದೂವರೆ ಕೋಟಿ.

ತೊಡಕಿನ ಬೇರು ಇರುವುದು ಬೇರೆ ಕಡೆ. ಉಳಿತಾಯ ಎಂದರೆ ಆಗದ ಖರ್ಚು, ಆಗದ ಖರ್ಚಿಗೆ ರಶೀದಿ ಇರುವುದಿಲ್ಲ. ಬಾರದ ಜ್ವರಕ್ಕೆ ಎಷ್ಟು ರೂಪಾಯಿಯ ಗುಳಿಗೆ ಉಳಿಯಿತು ಎಂದು ಕೇಳಿದ ಹಾಗೆ. ಹಾಗಾಗಿ ಅಳೆಯುವವರು ಅಂದಾಜುಪಟ್ಟಿಯನ್ನೂ ಅಂತಿಮ ಬಿಲ್ಲನ್ನೂ ಎದುರುಬದುರು ಇಟ್ಟು ಕಳೆಯುವ ಸುಲಭದ ದಾರಿ ಹಿಡಿಯುತ್ತಾರೆ. ಇದಕ್ಕಿಂತ ದಾರಿ ತಪ್ಪಿಸುವ ಲೆಕ್ಕ ಇನ್ನೊಂದಿಲ್ಲ. ಅಂದಾಜಿನಲ್ಲೇ ಹಣ ಉಬ್ಬಿಸಿ ಇಟ್ಟಿದ್ದರೆ ಏನೂ ಮಾಡದೆಯೂ ಉಳಿತಾಯ ತೋರುತ್ತದೆ. ನಡುವೆ ದರಪಟ್ಟಿ, ಅಂದರೆ ಎಸ್‌ಆರ್, ಪರಿಷ್ಕರಣೆಯಾದರೆ ಎಷ್ಟು ಜಾಣತನದಿಂದ ಕಟ್ಟಿದರೂ ನಷ್ಟ ಕಾಣುತ್ತದೆ. ಆಲಮಟ್ಟಿಯ ಈ ಏರಿಕೆಯನ್ನು ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತವನ್ನೇ ನೋಡಿ. 2011-12ರ ದರದಲ್ಲಿ 17,207 ಕೋಟಿ ರೂಪಾಯಿ ಎಂದಿದ್ದ ಯೋಜನೆಯ ಅಂದಾಜು 2017ರಲ್ಲಿ 51,148 ಕೋಟಿಗೆ ಏರಿತು. ಯಾರ ನಕ್ಷೆಯ ತಪ್ಪಿನಿಂದಲೂ ಅದು ಮೂರು ಪಟ್ಟಾದದ್ದಲ್ಲ. 2014ರ ಜನವರಿಯಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ ರೈತರ ಪರಿಹಾರವನ್ನು ನ್ಯಾಯವಾಗಿಯೇ ಹೆಚ್ಚಿಸಿತು, ಪುನರ್ವಸತಿಯ ಹೊಣೆಯನ್ನೂ ಹೆಚ್ಚಿಸಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಎಂದು ನಿಗದಿ ಮಾಡಿದ ಮೇಲೆ ಭೂಮಿಯ ಪಾಲು ಇನ್ನೂ ಹಿಗ್ಗಿದೆ. ಹೀಗಿರುವಾಗ ಇಡೀ ಯೋಜನೆಯ ಮೊತ್ತದಲ್ಲಿ ಶೇಕಡಾ ಇಷ್ಟು ಎಂದು ಮಾದರಿಯ ಉಳಿತಾಯ ಹೇಳುವುದು ಅರ್ಥವಿಲ್ಲದ ಮಾತು. ಕಂಪ್ಯೂಟರಿನ ಮಾದರಿ ಗೋಡೆ, ತೊಲೆ, ಪೈಪುಗಳ ಖರ್ಚನ್ನು ಮುಟ್ಟಬಲ್ಲದು, ಹೊಲದ ಬೆಲೆಯನ್ನು ಮುಟ್ಟದು. ಮುಟ್ಟಬಲ್ಲ ಭಾಗವನ್ನು ಬೇರೆ ಮಾಡಿ, ಅದಕ್ಕೆ ಒಂದೇ ವರ್ಷದ ಎಸ್‌ಆರ್ ದರ ಹಚ್ಚಿ, ಪ್ರಮಾಣಗಳನ್ನು ಮಾತ್ರ ಹೋಲಿಸಬೇಕು. ರೂಪಾಯಿ ಆಮೇಲೆ ಬರಲಿ, ಮೊದಲು ಘನ ಮೀಟರು, ಕ್ವಿಂಟಲು, ಚದರ ಮೀಟರು.

ಪ್ರಮಾಣಗಳನ್ನು ಹೋಲಿಸುವಾಗಲೂ ಒಂದು ಹಳ್ಳ ಇದೆ, ಅನುಭವಿಗಳೂ ಅದರಲ್ಲಿ ಬೀಳುತ್ತಾರೆ. ನಮ್ಮಲ್ಲಿ ಕಾಮಗಾರಿಯ ಅಳತೆ ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಐಎಸ್ 1200 ಎಂಬ ಭಾರತೀಯ ಮಾನಕದ ನಿಯಮದಂತೆ ದಾಖಲಾಗುತ್ತದೆ. ಗೋಡೆಯ ಎರಡೂ ಮುಖಕ್ಕೆ ಗಿಲಾವು ಮಾಡಿದಾಗ ಅರ್ಧ ಚದರ ಮೀಟರಿನೊಳಗಿನ ಕಿಂಡಿಗೆ ಏನೂ ಕಳೆಯುವುದಿಲ್ಲ. ಅರ್ಧದಿಂದ ಮೂರು ಚದರ ಮೀಟರಿನ ಕಿಟಕಿ ಬಾಗಿಲಿಗೆ ಒಂದೇ ಮುಖದ ಅಳತೆ ಕಳೆಯುತ್ತಾರೆ. ಕಿಟಕಿಯ ಒಳಬದಿ, ಮೇಲ್ಬದಿಗಳಿಗೆ ಬಳಿಯುವ ಗಿಲಾವಿಗೆ ಬೇರೆ ಅಳತೆ ಇಲ್ಲ, ಅದರ ಬದಲಿಗೆ ಈ ರಿಯಾಯಿತಿ. ಡಿಜಿಟಲ್ ಮಾದರಿಗೆ ಈ ಲೋಕರೂಢಿ ಹೇಳಿಕೊಡದಿದ್ದರೆ ಅದು ಎರಡೂ ಮುಖವನ್ನು ಕಳೆದುಬಿಡುತ್ತದೆ. 1.2 ಮೀಟರ್ ಚೌಕದ ಒಂದು ಕಿಟಕಿಗೆ 1.44 ಚದರ ಮೀಟರ್ ವ್ಯತ್ಯಾಸ, ಅಂಥ 20 ಕಿಟಕಿಯ ಶಾಲೆಗೆ 28.8 ಚದರ ಮೀಟರ್. ಮಾದರಿ ಹಚ್ಚಿದ್ದರಿಂದ ಇಷ್ಟು ಗಿಲಾವು ಉಳಿಯಿತು ಎಂದು ವರದಿ ಬರೆದರೆ ಅದು ಸುಳ್ಳು. ಗೌಂಡಿ ಬಳಿದ ಗಾರೆ ಎರಡೂ ಲೆಕ್ಕದಲ್ಲಿ ಅಷ್ಟೇ. ಆದ್ದರಿಂದ ಹೋಲಿಕೆ ಮಾಡುವ ಎರಡೂ ಕಡೆ ಒಂದೇ ಅಳತೆಯ ನಿಯಮ ಇರಬೇಕು. ಮಾದರಿಯಿಂದ ಬಂದ ಪ್ರಮಾಣವನ್ನೂ ಐಎಸ್ 1200ಕ್ಕೆ ಇಳಿಸಿಕೊಂಡೇ ಎಂ.ಬಿ. ಜೊತೆ ಇಡಬೇಕು.

ಎಂ.ಬಿ.ಗೆ ಒಂದು ಕುರುಡುತನವೂ ಇದೆ, ಆ ತೊಡಕು ಹೆಚ್ಚು ದೊಡ್ಡದು. ಅದು ಮುಗಿದ ಕೆಲಸವನ್ನು ಮಾತ್ರ ಬಲ್ಲದು. ಕಟ್ಟಿ, ಒಡೆದು, ಮತ್ತೆ ಕಟ್ಟಿದ ಗೋಡೆ ಅದರಲ್ಲಿ ಒಂದೇ ಗೋಡೆ. ಒಡೆದದ್ದರ ಇಟ್ಟಿಗೆ, ಸಿಮೆಂಟು, ಉಸುಕು, ಎರಡು ದಿನದ ಪಗಾರ ಗುತ್ತಿಗೆದಾರನ ಜೇಬಿನಿಂದ ಹೋಗಿರುತ್ತದೆ, ಸರ್ಕಾರದ ಯಾವ ಕಾಗದದಲ್ಲೂ ಅದರ ಗುರುತಿಲ್ಲ. ಡಿಜಿಟಲ್ ಮಾದರಿ ಹೆಚ್ಚು ತಪ್ಪಿಸುವುದು ಇಂಥ ಮರುಕೆಲಸವನ್ನೇ. ಅಂದರೆ ಉಳಿತಾಯದ ಬಹುಭಾಗ ಸರ್ಕಾರ ಓದುವ ಪುಸ್ತಕದ ಹೊರಗೆ ನಡೆಯುತ್ತದೆ. ಸರ್ಕಾರ ಮಾದರಿಗೆ ಹಣ ಕೊಟ್ಟು, ಲಾಭ ಗುತ್ತಿಗೆದಾರನಿಗೆ ಸಂದು, ಆತ ಅದನ್ನು ಬಾಯಿಬಿಟ್ಟು ಹೇಳದಿದ್ದರೆ, ಖರ್ಚಾಯಿತು, ಉಪಯೋಗವಾಗಲಿಲ್ಲ ಎಂಬ ಷರಾ ಫೈಲಿನಲ್ಲಿ ಉಳಿಯುತ್ತದೆ. ನಾಳೆ ಅದೇ ಗುತ್ತಿಗೆದಾರ ಮುಂದಿನ ಟೆಂಡರಿನಲ್ಲಿ ಸ್ವಲ್ಪ ಕಡಿಮೆ ದರ ಹಾಕಿದರೆ ಮಾತ್ರ ಆ ಲಾಭ ಜನರ ಖಜಾನೆಗೆ ತಿರುಗುತ್ತದೆ, ಅದಕ್ಕೆ ಪೈಪೋಟಿ ನಿಜವಾಗಿಯೂ ಇರಬೇಕು. ಇದಕ್ಕೆ ನನಗೆ ಕಾಣುವ ದಾರಿ ಒಂದೇ: ಸೈಟಿನಲ್ಲಿ ಮರುಕೆಲಸದ ಒಂದು ರಿಜಿಸ್ಟರು ಇಡುವುದು, ಏನನ್ನು ಒಡೆಯಲಾಯಿತು, ಯಾಕೆ, ಎಷ್ಟು ಸಾಮಾನು, ಎಷ್ಟು ಆಳು ಎಂದು ಅದೇ ದಿನ ಬರೆಯುವುದು, ಹಾಗೆ ಬರೆದದ್ದಕ್ಕೆ ಯಾವ ದಂಡವೂ ಇಲ್ಲ ಎಂದು ಕರಾರಿನಲ್ಲೇ ಖಾತ್ರಿ ಕೊಡುವುದು. ತಪ್ಪು ಬರೆದವನನ್ನು ಹಿಡಿಯುವ ರಿಜಿಸ್ಟರಿನಲ್ಲಿ ಯಾರೂ ತಪ್ಪು ಬರೆಯುವುದಿಲ್ಲ. ಅಮೆರಿಕದ ಅರಿಜೋನಾದಲ್ಲಿ ಬಾರ್ಲಿಶ್ ಮತ್ತು ಸಲ್ಲಿವಾನ್ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದೇ ನೆಲಮಟ್ಟದ ಗುರುತುಗಳನ್ನು ಹಿಡಿದಿತ್ತು: ಸೈಟಿನಿಂದ ಬಂದ ಸ್ಪಷ್ಟೀಕರಣದ ಪತ್ರಗಳು, ಬದಲಾವಣೆಯ ಆದೇಶಗಳು, ಅವಧಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಕ್ಸ್‌ಟ್ರಾ ಐಟಂಗಳು, ಪರಿಷ್ಕೃತ ಅಂದಾಜುಗಳು, ಅವಧಿ ವಿಸ್ತರಣೆಯ ಅರ್ಜಿಗಳು. ಇವೆಲ್ಲ ಈಗಾಗಲೇ ಫೈಲಿನಲ್ಲಿ ಇರುತ್ತವೆ. ಎಣಿಸುವವರು ಬೇಕು.

ಇನ್ನು ನೆಲ. ಈ ಜಿಲ್ಲೆಯಲ್ಲಿ ಕಟ್ಟಡದ ಖರ್ಚನ್ನು ನೆಲ ಆಡಿಸುವಷ್ಟು ಬೇರೇನೂ ಆಡಿಸುವುದಿಲ್ಲ. ಹುನಗುಂದದ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಲ್ಲಿ ಪಾಯ ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು, ಅಗೆದ ಕಡೆ ಮರಂ ತುಂಬಬೇಕು. ಬಾದಾಮಿಯ ಕಡೆ ಮರಳುಗಲ್ಲಿನ ಬಂಡೆ ಮೇಲೆಯೇ ಇದೆ, ಅಗೆತ ಕಡಿಮೆ, ಒಡೆತ ಹೆಚ್ಚು. ಇಳಕಲ್ಲಿನ ಸುತ್ತ ಗ್ರಾನೈಟು. ಒಂದೇ ನಕ್ಷೆಯ ಅಂಗನವಾಡಿಯನ್ನು ಈ ಮೂರೂ ಕಡೆ ಕಟ್ಟಿದರೆ ನೆಲಮಟ್ಟದ ಕೆಳಗಿನ ಖರ್ಚು ಮೂರು ಬಗೆ ಬರುತ್ತದೆ, ಅದರಲ್ಲಿ ಕಂಪ್ಯೂಟರಿನ ಗುಣವೂ ಇಲ್ಲ, ದೋಷವೂ ಇಲ್ಲ. ಮಣ್ಣಿನ ಪರೀಕ್ಷೆ ಮಾಡಿಸದೆ ಮಾಡಿದ ಮಾದರಿ ಪಾಯದ ವಿಷಯದಲ್ಲಿ ಕೈಬರಹದ ನಕ್ಷೆಯಷ್ಟೇ ಅಜ್ಞಾನಿ. ಆದಕಾರಣ ಪ್ರತಿ ಕಟ್ಟಡದ ಲೆಕ್ಕವನ್ನು ಪ್ಲಿಂತಿನ ಕೆಳಗೆ, ಪ್ಲಿಂತಿನ ಮೇಲೆ ಎಂದು ಎರಡಾಗಿ ಸೀಳಬೇಕು, ಹೋಲಿಕೆಯನ್ನು ಮೇಲಿನ ಭಾಗದಲ್ಲಿ ಮಾತ್ರ ಮಾಡಬೇಕು. ಜಿಲ್ಲೆಯ ಯಾವ ಗೌಂಡಿಯೂ ಹೇಳಬಲ್ಲ ಈ ಮಾತನ್ನು ಹೊರದೇಶದ ವರದಿಗಳು ಹೇಳುವುದಿಲ್ಲ, ಯಾಕೆಂದರೆ ಅವು ನೋಡಿದ್ದು ಒಂದೊಂದೇ ಕಟ್ಟಡವನ್ನು.

ಸೀಳಿ ಅಳೆಯುವುದರಿಂದ ಎಷ್ಟು ಪ್ರಯೋಜನ ಎಂಬುದನ್ನು ಸಂಖ್ಯಾಶಾಸ್ತ್ರದ ಒಂದು ಸಾಮಾನ್ಯ ಸೂತ್ರ ತೋರಿಸಿಕೊಡುತ್ತದೆ. ಮಾದರಿಯಿಂದ ಶೇ 2 ಉಳಿಯುತ್ತದೆ ಎಂದುಕೊಳ್ಳೋಣ. ಒಂದೇ ನಕ್ಷೆಯ ಕಟ್ಟಡಗಳ ಖರ್ಚು ಮಣ್ಣು, ದರ, ಗುತ್ತಿಗೆದಾರರ ಕಾರಣಕ್ಕೆ ಸರಾಸರಿಯಿಂದ ಶೇ 5ರಷ್ಟು ಆಚೀಚೆ ಆಗುತ್ತಿದ್ದರೆ, ಆ ಶೇ 2ನ್ನು ನೆಚ್ಚಿಕೆಯಿಂದ ಗುರುತಿಸಲು ಮಾದರಿ ಬಳಸಿದ ಸುಮಾರು 100 ಕಟ್ಟಡ, ಬಳಸದ ಸುಮಾರು 100 ಕಟ್ಟಡ ಬೇಕು. ಅಷ್ಟು ನಮಗೆ ಸಿಗಲಿಕ್ಕಿಲ್ಲ. ಪಾಯವನ್ನು ಬೇರ್ಪಡಿಸಿ, ಒಂದೇ ದರ ಹಚ್ಚಿ, ಒಂದೇ ಅಳತೆಯ ನಿಯಮ ಹಿಡಿದು ಆ ಏರುಪೇರನ್ನು ಶೇ 2ಕ್ಕೆ ಇಳಿಸಿದರೆ ಪ್ರತಿ ಗುಂಪಿಗೆ 16 ಕಟ್ಟಡ ಸಾಕು. ಇಪ್ಪತ್ತು ಹಳ್ಳಿಗಳ ಅಂಗನವಾಡಿ, ಶಾಲಾ ಕೊಠಡಿ, ಸಮುದಾಯ ಭವನಗಳನ್ನು ಬಗೆವಾರು ಜೋಡಿಸಿದರೆ ಈ ಸಂಖ್ಯೆ ಕೈಗೆ ಎಟುಕುತ್ತದೆ. ಯಾವ ಊರಿಗೆ ಮಾದರಿ, ಯಾವ ಊರಿಗೆ ಹಳೆಯ ಪದ್ಧತಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಅಧಿಕಾರಿಗಳ ಆಯ್ಕೆಗೆ ಬಿಟ್ಟರೆ ಚುರುಕಾದ ಎಂಜಿನಿಯರೂ ಒಳ್ಳೆಯ ಗುತ್ತಿಗೆದಾರನೂ ಇರುವ ಕಡೆಗೇ ಹೊಸ ಪದ್ಧತಿ ಹೋಗುತ್ತದೆ, ಆಮೇಲೆ ಉಳಿದದ್ದು ಮಾದರಿಯಿಂದಲೋ ಆ ಮನುಷ್ಯರಿಂದಲೋ ಎಂದು ಬ್ರಹ್ಮನಿಗೂ ಹೇಳಲಾಗದು. ಸ್ಟ್ಯಾನ್‌ಫರ್ಡಿನ 32 ಯೋಜನೆಗಳ ಅಂಕಿಗಳ ಬಗ್ಗೆ ಇರುವ ದೊಡ್ಡ ಆಕ್ಷೇಪವೂ ಇದೇ: ಮಾದರಿ ಬಳಸಲು ಮುಂದೆ ಬಂದವರೇ ಮೊದಲಿನಿಂದಲೂ ಅಚ್ಚುಕಟ್ಟಿನವರು.

ಖರ್ಚಿನ ಬದಿಯನ್ನೂ ಬರೆಯಬೇಕು. ಮಾದರಿ ಬಿಟ್ಟಿ ಬರುವುದಿಲ್ಲ. ಸಾಫ್ಟ್‌ವೇರಿನ ವರ್ಷದ ಬಾಡಿಗೆ, ಹೆಚ್ಚು ಶಕ್ತಿಯ ಕಂಪ್ಯೂಟರು, ಕಲಿತವರ ಸಂಬಳ, ಕಲಿಯುವ ಕಾಲದ ನಿಧಾನ ಎಲ್ಲವೂ ಇವೆ. ಲೆಕ್ಕಕ್ಕಾಗಿ ಒಂದು ಕೋಟಿ ರೂಪಾಯಿಯ ಶಾಲೆಯನ್ನು ಇಟ್ಟುಕೊಳ್ಳೋಣ, ಅದರ ಮಾದರಿಗೆ ಒಂದೂವರೆ ಲಕ್ಷ ಬೀಳುತ್ತದೆ ಎನ್ನೋಣ. ಬ್ರಿಟನ್ನಿನ ಕೆಳಗಿನ ಅಂಕಿಯಂತೆ ಶೇ 1.5 ಉಳಿದರೆ ಅದೂ ಒಂದೂವರೆ ಲಕ್ಷವೇ, ಅಲ್ಲಿಗೆ ಹೋದದ್ದು ಬಂತು, ಮತ್ತೇನೂ ಇಲ್ಲ. ಅದೇ ಶಾಲೆಯನ್ನು ಹತ್ತು ಊರಲ್ಲಿ ಕಟ್ಟಿ, ಮುಂದಿನ ಒಂಬತ್ತಕ್ಕೆ ಮಾದರಿಯನ್ನು ಹೊಂದಿಸಿಕೊಳ್ಳಲು ತಲಾ 20 ಸಾವಿರ ತಗುಲಿದರೆ ಒಟ್ಟು ಖರ್ಚು 3.3 ಲಕ್ಷ, ಉಳಿತಾಯ 15 ಲಕ್ಷ. ಒಂಟಿ ಕಟ್ಟಡಕ್ಕೆ ಸರಿಸಮವಾಗಿದ್ದ ಲೆಕ್ಕ ಹತ್ತು ಕಟ್ಟಡಕ್ಕೆ 11.7 ಲಕ್ಷ ಲಾಭಕ್ಕೆ ತಿರುಗಿತು. ಮೊದಲ ಕಟ್ಟಡದಲ್ಲಿ ನಷ್ಟ ಕಂಡು ಕೈಬಿಟ್ಟ ಇಲಾಖೆಗಳು ಎಡವಿದ್ದು ಇಲ್ಲೇ ಎಂದು ನನ್ನ ಎಣಿಕೆ. ಪುನರ್ವಸತಿಯ ಊರುಗಳಿಗೆ ಈ ಪದ್ಧತಿ ಹೊಂದುವುದಕ್ಕೂ, ನವನಗರದಲ್ಲಿ ಒಬ್ಬರು ಕಟ್ಟಿಸುವ ಒಂದು ಮನೆಗೆ ಅಷ್ಟಾಗಿ ಹೊಂದದಿರುವುದಕ್ಕೂ ಕಾರಣ ಇದೇ ಪುನರಾವರ್ತನೆ.

ಊಹೆಯ ಗೊಡವೆ ಇಲ್ಲದೆ ನೇರವಾಗಿ ತೂಗಿ ಹೇಳಬಹುದಾದ ಉಳಿತಾಯ ಒಂದಿದೆ, ಅದನ್ನು ಅಳೆಯುವ ಕಲೆ ಇಳಕಲ್ಲಿಗೆ ಮೊದಲಿನಿಂದ ಗೊತ್ತು. ಇಳಕಲ್ಲಿನ ಕೆಂಪು ಗ್ರಾನೈಟಿನ ವ್ಯಾಪಾರವೆಲ್ಲ ನಿಂತಿರುವುದು ಒಂದು ಬ್ಲಾಕಿನಿಂದ ಎಷ್ಟು ಒಳ್ಳೆಯ ಹಲಗೆ ಹೊರಡುತ್ತದೆ, ಎಷ್ಟು ತುಂಡಾಗಿ ಕಸಕ್ಕೆ ಹೋಗುತ್ತದೆ ಎಂಬ ಲೆಕ್ಕದ ಮೇಲೆ. ಕಟ್ಟಡದ ಮಾದರಿ ಮೆಟ್ಟಿಲು, ಕಟ್ಟೆ, ಹೊಸ್ತಿಲು, ನೆಲಹಾಸಿಗೆ ಬೇಕಾದ ಪ್ರತಿಯೊಂದು ತುಂಡಿನ ಉದ್ದಗಲದ ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನು ಕಟಿಂಗ್ ಘಟಕಕ್ಕೆ ಕೊಟ್ಟರೆ ಹಲಗೆಯ ಮೇಲೆ ತುಂಡುಗಳನ್ನು ಹೊಂದಿಸಿ ಕೊಯ್ಯಬಹುದು. ಇಲ್ಲದಿದ್ದರೆ ಸೈಟಿನಲ್ಲಿ ಒಂದೊಂದಾಗಿ ಅಳೆದು ಕೊಯ್ಯುತ್ತಾರೆ, ಮೂಲೆಮೂಲೆಯಲ್ಲಿ ಚೂರು ಬೀಳುತ್ತದೆ. ಅಳತೆ ಎಷ್ಟು ಸರಳ ಎಂದರೆ ಕೊಂಡ ಚದರಡಿಯಲ್ಲಿ ಹಾಸಿದ ಚದರಡಿ ಕಳೆದರೆ ಮುಗಿಯಿತು. ಉದಾಹರಣೆಗೆ ಸಾವಿರ ಚದರಡಿ ಹಾಸಲು ಒಂದು ಕಡೆ 1,180 ಚದರಡಿ ಕೊಂಡು, ಇನ್ನೊಂದು ಕಡೆ 1,090 ಕೊಂಡಿದ್ದರೆ 90 ಚದರಡಿ ಕಲ್ಲು ನಿಜವಾಗಿ ಉಳಿದಿದೆ, ಅದಕ್ಕೆ ಎರಡೂ ಕಡೆ ಬಿಲ್ಲಿದೆ. ಕಬ್ಬಿಣಕ್ಕೂ ಇದೇ ವಿಧಾನ: 12 ಮೀಟರಿನ ಸಳಿಗಳನ್ನು ಕೊಯ್ದು ಬಗ್ಗಿಸುವ ಪಟ್ಟಿ ಮಾದರಿಯಿಂದ ಬಂದರೆ ಉಳಿಕೆ ತುಂಡು ಎಷ್ಟು ಎಂದು ತಕ್ಕಡಿಯೇ ಹೇಳುತ್ತದೆ. ಇಂಥ ಲೆಕ್ಕಗಳು ಚಿಕ್ಕವು, ಆದರೆ ವಾದಕ್ಕೆ ಎಡೆ ಕೊಡದವು.

ಕೂಲಿ ಅಗ್ಗವಾಗಿರುವ ನಾಡಿನಲ್ಲಿ ಒಡೆದು ಕಟ್ಟುವುದೇ ಅಗ್ಗ, ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಮೆರಿಕದಲ್ಲಿ ಒಂದು ಗೋಡೆ ಒಡೆದು ಕಟ್ಟುವ ಕೂಲಿ ಇಲ್ಲಿಯ ಹಲವು ಪಟ್ಟು, ಆದ್ದರಿಂದ ಅಲ್ಲಿಯ ಉಳಿತಾಯದ ಶೇಕಡಾವಾರನ್ನು ಇಲ್ಲಿಗೆ ಹಾಗೆಯೇ ತರಬಾರದು. ಉಳಿದರ್ಧವನ್ನು ಅವರು ಮರೆಯುತ್ತಾರೆ. ಒಡೆದ ಗೋಡೆಯಲ್ಲಿ ಹೋಗುವುದು ಕೂಲಿ ಮಾತ್ರವಲ್ಲ, ಸಿಮೆಂಟು, ಕಬ್ಬಿಣ, ಉಸುಕು ಕೂಡ, ಅವುಗಳ ಬೆಲೆ ಇಲ್ಲಿ ಅಗ್ಗವಲ್ಲ. ಅದಕ್ಕಿಂತ ಮಿಗಿಲಾಗಿ ಹೋಗುವುದು ದಿನಗಳು. ಪುನರ್ವಸತಿ ಕೇಂದ್ರದ ಶಾಲೆ ಆರು ತಿಂಗಳು ತಡವಾದರೆ ಸರ್ಕಾರದ ಪುಸ್ತಕದಲ್ಲಿ ಅದು ಒಂದು ಅವಧಿ ವಿಸ್ತರಣೆಯ ಪತ್ರ. ಮುಳುಗುವ ಊರಿನ ಮನೆ ಬಿಡಲೂ ಆಗದೆ ಹೊಸ ಊರಿಗೆ ಹೋಗಲೂ ಆಗದೆ ನಿಂತ ಕುಟುಂಬಕ್ಕೆ ಅದು ಮಕ್ಕಳ ಒಂದು ಶೈಕ್ಷಣಿಕ ವರ್ಷ. ಈ ನಷ್ಟವನ್ನು ಯಾವ ಗುತ್ತಿಗೆದಾರನೂ ತುಂಬುವುದಿಲ್ಲ, ಯಾವ ಅಂದಾಜಿನಲ್ಲೂ ಅದು ಇಲ್ಲ. ಅದನ್ನು ರೂಪಾಯಿಗೆ ತಿರುಗಿಸಲು ನಾನು ಹೇಳುವುದಿಲ್ಲ, ತಿರುಗಿಸಿದರೆ ಕಡಿಮೆ ಬೆಲೆ ಕಟ್ಟುವುದು ಖಂಡಿತ. ಉಳಿದ ದಿನಗಳು ಎಂದು ಬೇರೆಯೇ ಕಾಲಂ ಹಾಕಿ, ದಿನವನ್ನು ದಿನವಾಗಿಯೇ ಬರೆಯಬೇಕು. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಅದಕ್ಕಿಂತ ಮುಖ್ಯವಾದ ಕಾಲಂ ಇನ್ನೊಂದಿಲ್ಲ.

ಸಣ್ಣ ಗುತ್ತಿಗೆದಾರರ ಗತಿ ಏನು ಎಂಬ ಪ್ರಶ್ನೆ ಅಗ್ಗದ ಕೂಲಿಯ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಕಾಮಗಾರಿಗಳಲ್ಲಿ ದುಡಿಯುವವರು ಒಂದು ಮಿಕ್ಸರ್, ನಾಲ್ಕು ಜನ ಗೌಂಡಿ, ಒಬ್ಬ ಸೂಪರ್‌ವೈಸರ್ ಇಟ್ಟುಕೊಂಡವರೇ ಹೆಚ್ಚು. ಮಾದರಿ ತಯಾರಿಸುವ ಸಾಮರ್ಥ್ಯವನ್ನು ಟೆಂಡರಿನ ಅರ್ಹತೆಯಾಗಿ ಹಾಕಿದರೆ ಅವರೆಲ್ಲ ಒಂದೇ ಏಟಿಗೆ ಹೊರಗೆ ಬೀಳುತ್ತಾರೆ, ಹೊರಗಿನ ದೊಡ್ಡ ಕಂಪನಿಗಳು ಒಳಗೆ ಬರುತ್ತವೆ, ಪೈಪೋಟಿ ಇಳಿದು ದರ ಏರುತ್ತದೆ. ಆಗ ಉಳಿದ ಶೇ 2ರ ಜಾಗಕ್ಕೆ ಟೆಂಡರ್ ಪ್ರೀಮಿಯಂ ಶೇ 5 ಬಂದು ಕೂತರೆ ಆಶ್ಚರ್ಯವಿಲ್ಲ. ಅದಕ್ಕೇ ಮಾದರಿಯನ್ನು ಮಾಡುವ ಹೊಣೆ ಕಟ್ಟಿಸುವವರದಾಗಬೇಕು, ಅಂದರೆ ಕೃಷ್ಣಾ ಭಾಗ್ಯ ಜಲ ನಿಗಮ, ಪಟ್ಟಣಾಭಿವೃದ್ಧಿ ಪ್ರಾಧಿಕಾರ, ಲೋಕೋಪಯೋಗಿ ಇಲಾಖೆಯಂಥವರದು. ಗುತ್ತಿಗೆದಾರನ ಕೈಗೆ ಹೋಗಬೇಕಾದದ್ದು ಅದರಿಂದ ಹೊರಟ ಸ್ಪಷ್ಟ ಹಾಳೆಗಳು, ಕೊಯ್ಯುವ ಪಟ್ಟಿಗಳು, ಮೊಬೈಲಿನಲ್ಲಿ ತಿರುಗಿಸಿ ನೋಡಬಹುದಾದ ಚಿತ್ರ. ಸೆಂಟ್ರಿಂಗ್ ಮಾಡುವವನು ತೊಲೆಯ ಜೋಡಣೆಯನ್ನು ಒಮ್ಮೆ ಚಿತ್ರದಲ್ಲಿ ಸುತ್ತ ತಿರುಗಿಸಿ ಕಂಡರೆ ಹತ್ತು ಹಾಳೆ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಕಟ್ಟಿ ಮುಗಿದ ಮೇಲಿನ ವರ್ಷಗಳನ್ನು ಈ ಲೆಕ್ಕಗಳೆಲ್ಲ ಮರೆಯುತ್ತವೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2004ರಲ್ಲಿ ಕೊಟ್ಟ ವರದಿ, ಕಟ್ಟಡಗಳ ಮಾಹಿತಿ ಒಬ್ಬರಿಂದ ಒಬ್ಬರಿಗೆ ಸರಿಯಾಗಿ ದಾಟದ ಕಾರಣಕ್ಕೆ ಆ ದೇಶಕ್ಕೆ ವರ್ಷಕ್ಕೆ 15.8 ಶತಕೋಟಿ ಡಾಲರ್ ನಷ್ಟ ಎಂದು ಅಂದಾಜಿಸಿತು. ಅದರ ಮೂರನೇ ಎರಡು ಭಾಗ ಬಿದ್ದದ್ದು ಕಟ್ಟುವವರ ಮೇಲಲ್ಲ, ಕಟ್ಟಡವನ್ನು ಇಟ್ಟುಕೊಂಡು ನಡೆಸುವವರ ಮೇಲೆ. ಹುನಗುಂದ ತಾಲ್ಲೂಕಿನ ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆಯನ್ನು ನೆನೆದರೆ ಇದು ಅರ್ಥವಾಗುತ್ತದೆ. ಸುಮಾರು 24 ಸಾವಿರ ಹೆಕ್ಟೇರಿನ ಅಡಿಯಲ್ಲಿ ಪೈಪುಗಳ ಜಾಲ ಹರಡಿರುವಾಗ ಯಾವ ವಾಲ್ವು ಎಲ್ಲಿದೆ, ಯಾವ ಪೈಪು ಎಷ್ಟು ಆಳದಲ್ಲಿದೆ ಎಂಬ ನಿಖರ ದಾಖಲೆಯ ಬೆಲೆ ರಿಪೇರಿಯ ದಿನ ತಿಳಿಯುತ್ತದೆ. ಕಟ್ಟಡದ ಮಾದರಿಗೂ ಇದೇ ಮಾತು, ಕಟ್ಟಿದ ಹಾಗೆ ತಿದ್ದಿದ ಮಾದರಿಯನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಿದರೆ ಮಾತ್ರ. ಬಾದಾಮಿಯ ಕಡೆಯ ಹಳೆಯ ಸ್ಮಾರಕಗಳಿಗೆ ಬಂದರೆ ಲೆಕ್ಕದ ಸ್ವರೂಪವೇ ಬೇರೆಯಾಗುತ್ತದೆ. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯಾಗಲಿ, 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆ ನುಗ್ಗಿದ ಪಟ್ಟದಕಲ್ಲಿನ ಗುಡಿಗಳಾಗಲಿ ಎರಡನೆಯ ಪ್ರತಿ ಇಲ್ಲದವು. ಅಲ್ಲಿ ಲೇಸರಿನಿಂದ ಅಳೆದ ಮಾದರಿ ಇದ್ದರೆ ನೆರೆ ಇಳಿದ ಮೇಲೆ ಯಾವ ಕಲ್ಲು ಎಷ್ಟು ಸರಿದಿದೆ ಎಂದು ಮಿಲಿಮೀಟರಿನಲ್ಲಿ ಹೇಳಬಹುದು. ಹೋಲಿಸಲು ಜೋಡಿ ಇಲ್ಲದ್ದಕ್ಕೆ ಉಳಿತಾಯದ ಶೇಕಡಾ ಹುಡುಕುವುದು ವ್ಯರ್ಥ, ಅಲ್ಲಿ ಮಾದರಿಯ ಖರ್ಚನ್ನು ರಕ್ಷಣೆಯ ಖರ್ಚೆಂದೇ ಬರೆಯಬೇಕು.

ಅಳೆಯುವವರು ಯಾರು ಎಂಬುದು ಕೊನೆಯ ಪ್ರಶ್ನೆ. ಮಾದರಿ ಮಾರಿದವರು ಅಳೆಯಬಾರದು, ಕಾಮಗಾರಿ ಮಾಡಿಸಿದ ವಿಭಾಗವೂ ಅಳೆಯಬಾರದು. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಕಾಮಗಾರಿಗಳ ಮೂರನೇ ವ್ಯಕ್ತಿ ತಪಾಸಣೆಯನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ವಹಿಸುವ ರೂಢಿಯೂ ರಾಜ್ಯದಲ್ಲಿದೆ. ಸಿವಿಲ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ಎಂ.ಬಿ., ಮರುಕೆಲಸದ ರಿಜಿಸ್ಟರು, ಎಕ್ಸ್‌ಟ್ರಾ ಐಟಂಗಳ ಫೈಲು, ಕಲ್ಲು ಕಬ್ಬಿಣದ ಬಿಲ್ಲು, ದಿನಗಳ ಪಟ್ಟಿ ಈ ಐದನ್ನು ಎರಡೂ ಗುಂಪಿನ ಊರುಗಳಲ್ಲಿ ತುಂಬುತ್ತ ಹೋದರೆ ಎರಡು ಮೂರು ವರ್ಷದಲ್ಲಿ ಕರ್ನಾಟಕಕ್ಕೆ ತನ್ನದೇ ಅಂಕಿ ಸಿಗುತ್ತದೆ. ಒಂದೇ ಷರತ್ತು, ಹೋಲಿಕೆಯ ಮೂಲ ಅಂದಾಜನ್ನು ಮೊದಲ ಪುನರ್ವಸತಿ ಕೇಂದ್ರದ ಟೆಂಡರ್ ಕರೆಯುವ ಮುಂಚೆಯೇ ಮುಚ್ಚಿ ಮೊಹರು ಹಾಕಿ ಕಾಲೇಜಿನ ವಶಕ್ಕೆ ಕೊಡಬೇಕು. ಕೆಲಸ ಶುರುವಾದ ಮೇಲೆ ತಯಾರಾದ ಮೂಲ ಅಂದಾಜು ಬೇಕಾದ ಉತ್ತರವನ್ನೇ ಕೊಡುತ್ತದೆ. ಬಂದ ಅಂಕಿ ಶೇ 3 ಆಗಿರಲಿ, ಶೇ 0.5 ಆಗಿರಲಿ, ನಷ್ಟವೇ ಆಗಿರಲಿ, ಊರು ಬಿಟ್ಟುಕೊಟ್ಟ ಜನರ ಗ್ರಾಮಸಭೆಯಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು, ಯಾಕೆಂದರೆ ಆ ಕಟ್ಟಡಗಳಿಗೆ ಮೊದಲ ಕಂತು ತೆತ್ತವರು ಅವರೇ.